ದೇವರು ಟೆಂಪೋದಲ್ಲಿ ಹೋದ ದಿನ

ಟೆಂಪೋ ಲಕಡಿ ಪುಲ್ ಮೇಲೆ ಕೆಟ್ಟು ನಿಲ್ಲಬಹುದಿತ್ತು. ನಿಂತು, ಹಿಂದಿನಿಂದ ಬಸ್ಸು ಗುದ್ದಿ, ನಮ್ಮ ಮನೆದೇವರು ಮಂಟಪಸಮೇತ ಮುಠಾ ನದಿಗೆ ಬೀಳಬಹುದಿತ್ತು. ಗಣಪತಿಗಾದರೆ ವರ್ಷಕ್ಕೊಮ್ಮೆ ಆ ನದಿಗೆ ಇಳಿದು ರೂಢಿಯಿದೆ. ನಮ್ಮ ವೆಂಕಪ್ಪನಿಗೆ ಈಜು ಬರುತ್ತದೆಂದು ಯಾರೂ ಹೇಳಿರಲಿಲ್ಲ. ನಾಟ್ಯಗೃಹದಲ್ಲಿ ಕರೆಂಟು ಹೋಗಬಹುದಿತ್ತು. ಕರೆಂಟಿದ್ದು ಜನ ಬಾರದಿರಬಹುದಿತ್ತು. ಜನ ಬಂದು, ಹಿಂದಿನ ವರ್ಷದ ಹಾಗೆ, ನಾಟಕದ ನಡುವೆ ಎದ್ದು ರಂಗದ ಅಂಚಿಗೇ ಬರಬಹುದಿತ್ತು. ನಾಯಕಿಯ ಗಂಟಲು ಕಟ್ಟಬಹುದಿತ್ತು. ಅಜ್ಜಿ ರಂಗದ ಬದಿಯ ವಿಂಗಿನಲ್ಲಿ ಕೂತಲ್ಲೇ ನಿದ್ದೆಹೋಗಬಹುದಿತ್ತು; ಅದು ನಿದ್ದೆಯೇ ಆಗಿರಬೇಕೆಂದೇನೂ ಇರಲಿಲ್ಲ. ಖಾಲಿಯಾದ ನಮ್ಮ ಮನೆಗೆ ಮಾಲೀಕರು ತಮ್ಮ ಬೀಗ ಜಡಿದು, ನಾವು ಮರಳಿ ಬಂದಾಗ ಅಂಗಳದಲ್ಲಿ ನಿಂತು ಕೈ ಬೀಸಬಹುದಿತ್ತು. ಮತ್ತು ಅವ್ವ ಸೋಲಾಪುರದ ಗಾಡಿ ಹತ್ತಬಹುದಿತ್ತು. ಹತ್ತಿ, ತಿರುಗಿ ಬಾರದಿರಬಹುದಿತ್ತು.

ಇಷ್ಟನ್ನೂ ಆ ದಿನ ಬೆಳಗ್ಗೆ ಹಲ್ಲುಜ್ಜುವಷ್ಟರಲ್ಲಿ ನಾನು ಯೋಚಿಸಿ ಮುಗಿಸಿದ್ದೆ. ಆಗ ನನಗೆ ಹನ್ನೊಂದು ವರ್ಷ. ಬೇರೆ ಮಕ್ಕಳು ಆ ವಯಸ್ಸಿನಲ್ಲಿ ಅಂಚೆಚೀಟಿ ಕೂಡಿಸುತ್ತಿದ್ದರು, ನಾನು ಅಪಾಯಗಳನ್ನು ಕೂಡಿಸುತ್ತಿದ್ದೆ. ಈಗ ನಡುವಯಸ್ಸಿನಲ್ಲಿ ನನ್ನ ಸಂಗ್ರಹ ಬಹಳ ದೊಡ್ಡದು. ಬಸ್ಸು ಹೊರಟ ಮೇಲೆ ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ಚಿಂತಿಸುತ್ತೇನೆ. ಬಂದ್ ಮಾಡಿದ್ದು ಚೆನ್ನಾಗಿ ನೆನಪಿದ್ದರೆ, ಇಷ್ಟು ಚೆನ್ನಾಗಿ ನೆನಪಿರುವುದೇಕೆ ಎಂದು ಚಿಂತಿಸುತ್ತೇನೆ. ಇದು ರಕ್ತದಲ್ಲಿ ಬಂದದ್ದೆಂದು ನನ್ನ ಗಂಡ ಹೇಳುತ್ತಾನೆ. ರಕ್ತದಲ್ಲಿ ಬಂದದ್ದಲ್ಲ, ಪಡಸಾಲೆಯಲ್ಲಿ ಬಂದದ್ದು.

ನಮ್ಮ ಮನೆ ಪುಣೆಯ ಹಳೆಯ ಪೇಠೆಯೊಂದರ ವಾಡೆಯಲ್ಲಿ, ಮಾಳಿಗೆಯ ಮೇಲಿತ್ತು. ವಾಡೆಯೆಂದರೆ ನಡುವೆ ಅಂಗಳ, ಅಂಗಳದಲ್ಲಿ ನಳ, ಸುತ್ತಲೂ ಬಿಡಾರಗಳು. ಒಂದು ಮನೆಯ ಒಗ್ಗರಣೆಗೆ ಇನ್ನೊಂದು ಮನೆಯವರು ಸೀನುವಷ್ಟು ಹತ್ತಿರ. ನಮ್ಮ ಪಾಲಿಗೆ ಒಂದು ಪಡಸಾಲೆ, ಒಂದು ಒಳಕೋಣೆ, ಒಂದು ಅಡಿಗೆಮನೆ. ಒಳಕೋಣೆ ಅಜ್ಜಿಯದು. ಅಡಿಗೆಮನೆಯ ಮೂಲೆ ದೇವರದು. ಉಳಿದ ನಾವು ಮೂವರು ಪಡಸಾಲೆಯಲ್ಲಿ. ದೇವರೆಂದರೆ ತೇಗದ ಪುಟ್ಟ ಮಂಟಪ; ಅದರಲ್ಲಿ ಅಜ್ಜಿಯ ಅತ್ತೆಯ ಕಾಲದ ಹಿತ್ತಾಳೆಯ ವೆಂಕಪ್ಪ, ಅಂಬೆಗಾಲಿಕ್ಕುವ ಕೃಷ್ಣ, ಮತ್ತು ಬಲಗಡೆ ಚಿಕ್ಕ ಬಟ್ಟಲಿನ ಅಕ್ಕಿಯ ಮೇಲೆ ಹೆಬ್ಬೆರಳಿನಷ್ಟು ಅನ್ನಪೂರ್ಣೆ. ಅನ್ನಪೂರ್ಣೆ ಅವ್ವನದು. ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತವರಿನವರು ಕೊಡುವ ದೇವರು, ಸೌಟು ಹಿಡಿದು ಕೂತ ದೇವರು. ಹೀಗೆ ಆ ಮಂಟಪದೊಳಗೆ ಎರಡು ಮನೆತನದ ದೇವರು ಒಟ್ಟಿಗೆ ಸಂಸಾರ ಮಾಡುತ್ತಿದ್ದರು, ಹೊರಗಿನವರಿಗಿಂತ ಹೆಚ್ಚು ಹೊಂದಿಕೊಂಡು.

ಅಪ್ಪ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ಧಾರವಾಡದಿಂದ ಪುಣೆಗೆ ಬರುವಾಗ ಒಂದು ಟ್ರಂಕು, ಒಬ್ಬ ತಾಯಿ ಮತ್ತು ನಾಟಕದ ಹುಚ್ಚು ಇಷ್ಟನ್ನು ತಂದಿದ್ದನಂತೆ. ಅವ್ವ ಹೇಳುವ ಪ್ರಕಾರ, ಮದುವೆಯ ಮಾತುಕತೆಯಲ್ಲಿ ಮೊದಲ ಎರಡನ್ನು ಮಾತ್ರ ತಿಳಿಸಿದ್ದರು. ಹಗಲೆಲ್ಲ ಮರಾಠಿ ಮಾತಾಡಿ ದವಡೆ ದಣಿದ ನಾಲ್ಕು ಜನ ಕನ್ನಡಿಗರು ಸಂಜೆ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯಲು ಕೂಡುತ್ತಿದ್ದರು. ಒಂದು ಗಣಪತಿ ಹಬ್ಬದಲ್ಲಿ ವಾಡೆಯ ಅಂಗಳದಲ್ಲಿ ಸಣ್ಣದೊಂದು ಕನ್ನಡ ಪ್ರಹಸನ ಆಡಿದರು. ಮರಾಠಿ ನೆರೆಯವರು ಒಂದು ಅಕ್ಷರ ತಿಳಿಯದೆಯೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಪ್ಪನ ತಲೆ ಕೆಟ್ಟದ್ದು ಆ ನಗೆಯಿಂದ. ಆಮೇಲೆ ಬ್ಯಾಂಕಿನವರು ಸೇರಿದರು, ಅಂಚೆಯವರು ಸೇರಿದರು. ಪುಣೆಯ ಆಚೆ ಶಿರೂರಿನಲ್ಲಿ ಕಿರಾಣಿ ಅಂಗಡಿಯಿದ್ದ ವಿಜಾಪುರದವರೊಬ್ಬರು ಬರೇ ತಬಲಾ ಬಾರಿಸಲು ಎಸ್‌ಟಿ ಬಸ್ಸಿನಲ್ಲಿ ಬರತೊಡಗಿದರು. ಪುಣೆಯಲ್ಲೇ ಹೋಟೆಲು ನಡೆಸುತ್ತಿದ್ದ ಕುಂದಾಪುರದ ಶೆಟ್ಟರು ಪಾತ್ರ ಬೇಡವೆಂದರು, ಆದರೆ ಪ್ರತಿ ತಾಲೀಮಿಗೂ ಬಂದು ಬಾಗಿಲ ಬಳಿ ಕೂತು ಅಳುತ್ತಿದ್ದರು. ಅಳು ಬಂದರೆ ನಾಟಕ ಸರಿಯಿದೆಯೆಂದು ಅಪ್ಪನ ಲೆಕ್ಕ. ಅಂಗಳದಿಂದ ಸಮಾಜದ ಹಾಲಿಗೆ, ಹಾಲಿನಿಂದ, ಆ ವರ್ಷ, ಮೇಲೆಳೆಯುವ ನಿಜವಾದ ಪರದೆಯಿದ್ದ ನಾಟ್ಯಗೃಹಕ್ಕೆ. ಎಲ್ಲರೂ ಅದನ್ನು 'ಬಳಗ' ಎಂದಷ್ಟೇ ಕರೆಯುತ್ತಿದ್ದರು. ಬಳಗಕ್ಕೆ ಅಧ್ಯಕ್ಷರಿರಲಿಲ್ಲ, ಸಂಬಳದವರು ಯಾರೂ ಇರಲಿಲ್ಲ. ಕಚೇರಿಯೆಂದರೆ ನಮ್ಮ ಪಡಸಾಲೆ, ಸಿಬ್ಬಂದಿಯೆಂದರೆ ನಮ್ಮವ್ವ.

ಬಳಗ ಬೆಳೆದಂತೆಲ್ಲ ನಮ್ಮ ಮನೆ ಸಣ್ಣದಾಯಿತು. ಮಳೆಗಾಲ ಮುಗಿದ ಮೇಲೆ ಮೂರು ತಿಂಗಳು ಸಂಜೆ ನಾನು ಓದುತ್ತಿದ್ದುದು ಒಳಕೋಣೆಯಲ್ಲಿ, ಅಜ್ಜಿಯ ಹಾಸಿಗೆಯ ಕಾಲುದೆಸೆಯಲ್ಲಿ. ಪಡಸಾಲೆಯಲ್ಲಿ ಯಾರೋ ಸಾಯುತ್ತಿರುತ್ತಿದ್ದರು, ಇಲ್ಲವೇ ಯಾರದೋ ಮದುವೆ ಮುರಿಯುತ್ತಿರುತ್ತಿತ್ತು. ನಾಟಕದ ದಿನ ಬಂದರೆ ಮನೆಯೇ ಇರುತ್ತಿರಲಿಲ್ಲ. ಬಳಗದ ಪದ್ಧತಿ ಹಾಗಿತ್ತು: ರಂಗದ ಸಾಮಾನು ಕೊಳ್ಳುವುದಿಲ್ಲ, ಬಾಡಿಗೆಗೆ ತರುವುದಿಲ್ಲ, ಮನೆಯಿಂದ ಒಯ್ಯುವುದು. ಹಾಲಿಗೂ ನಾಟ್ಯಗೃಹಕ್ಕೂ ಹತ್ತಿರವಿದ್ದ ಮನೆ ನಮ್ಮದು. ಆದ್ದರಿಂದ ಮಂಚ, ಖುರ್ಚಿ, ಗೋಡೆಯ ಗಡಿಯಾರ, ಹಿತ್ತಾಳೆಯ ಕೊಡ, ಬಾಗಿಲ ಪರದೆ, ಛತ್ರಿ ತೂಗುಹಾಕುವ ಗೂಟ ಕೂಡ ಟೆಂಪೋ ಏರುತ್ತಿದ್ದವು. ಅಪ್ಪ ನಾಟಕ ಬರೆಯುವ ಮೊದಲು ಕಥೆ ಯೋಚಿಸುತ್ತಿರಲಿಲ್ಲ, ಮನೆಯ ಸಾಮಾನು ನೋಡುತ್ತಿದ್ದ. ನಮ್ಮಲ್ಲಿ ಸಿಂಹಾಸನವಿರಲಿಲ್ಲವಾಗಿ ಬಳಗ ಒಂದೇ ಒಂದು ಪೌರಾಣಿಕ ನಾಟಕ ಆಡಲಿಲ್ಲ. ಅವನ ನಾಟಕಗಳೆಲ್ಲ ಬಡ ಗುಮಾಸ್ತರ ಮನೆಯಲ್ಲೇ ನಡೆಯುತ್ತಿದ್ದವು, ಆ ಗುಮಾಸ್ತರೆಲ್ಲರ ಬಳಿ ನಮ್ಮ ಮಂಚವೇ ಇತ್ತು.

ಇದರಲ್ಲಿ ಒಂದು ತೊಡಕಿತ್ತು. ವಾಡೆಯ ಮಾಲೀಕರಾದ ಗೋರೆ ಕಾಕಾ ಮತ್ತು ಅವರ ಹೆಂಡತಿ ಗೋರೆ ಕಾಕೂ ಕೆಳಗಿನ ಅಂತಸ್ತಿನಲ್ಲಿದ್ದರು. ನಮ್ಮದು ಅಪ್ಪ ಪುಣೆಗೆ ಬಂದಾಗಿನ ಹಳೆಯ ಬಾಡಿಗೆ. ನಾವು ಬಿಟ್ಟರೆ ಸಾಕೆಂದು ಅವರು ದೇವರಿಗೆ ಹೇಳಿಕೊಂಡಿದ್ದರು. ವರ್ಷಕ್ಕೊಮ್ಮೆ ಮಂಚ ಮೆಟ್ಟಿಲಿಳಿಯುವಾಗ ಕಾಕೂ ಹೊಸ್ತಿಲಿಗೆ ಬರುತ್ತಿದ್ದರು, ಮುಖದಲ್ಲಿ ದೀಪಾವಳಿ.

“ಕಾಯ್ ವಹಿನೀ, ಜಾಗಾ ಸೋಡ್ತಾಯ್ ಕಾ?” ಏನಮ್ಮಾ, ಮನೆ ಬಿಡ್ತಾ ಇದ್ದೀರಾ?

“ನಾಹೀ ಹೋ ಕಾಕೂ. ನಾಟಕ್ ಆಹೇ,” ಎನ್ನುತ್ತಿದ್ದಳು ಅವ್ವ. ಇಲ್ಲ ಕಾಕೂ, ನಾಟಕ ಇದೆ.

ಕಾಕೂ ಮುಖದ ದೀಪಾವಳಿ ಆರುತ್ತಿತ್ತು. ಆದರೂ ಸಾಮಾನಿಲ್ಲದ, ಜನರಿಲ್ಲದ ಮನೆಗೆ ಮಾಲೀಕರು ಬೀಗ ಹಾಕಿದರೆ ಕೋರ್ಟಿನಲ್ಲಿ ಕೂದಲು ನೆರೆಯುತ್ತದೆಂದು ಯಾರೋ ಅಪ್ಪನಿಗೆ ಹೇಳಿದ್ದರು. ಹಾಗಾಗಿ ಪ್ರತಿ ವರ್ಷ ನಾಟಕದ ದಿನ ಒಬ್ಬರು ಮನೆಯಲ್ಲಿ ಉಳಿಯಬೇಕಿತ್ತು. ಆ ಒಬ್ಬರು ಪ್ರತಿ ವರ್ಷವೂ ಅವ್ವ. ಅಂಗಳ ದಾಟಿದ ಮೇಲೆ ಬಳಗ ಆಡಿದ ಅಷ್ಟೂ ನಾಟಕಗಳನ್ನು ಅವಳು ಅಡಿಗೆಮನೆಯ ಗೋಡೆಯಾಚೆಯಿಂದ ಕೇಳಿದ್ದಳು, ಒಂದನ್ನೂ ನೋಡಿರಲಿಲ್ಲ.

ಹಿಂದಿನ ವರ್ಷ ಸಮಾಜದ ಹಾಲಿನಲ್ಲಿ ನಡೆದದ್ದನ್ನು ಹೇಳದಿದ್ದರೆ ಈ ಕಥೆ ಮುಂದೆ ಹೋಗುವುದಿಲ್ಲ. ಆ ನಾಟಕದಲ್ಲಿ ಅಪ್ಪನದು ಕಟ್ಟಾ ನಾಸ್ತಿಕನ ಪಾತ್ರ. ಹೆಂಡತಿಯ ಪಾತ್ರ ನಳಿನಿ ಟೀಚರದು. ಮೈಸೂರಿನ ಕಡೆಯವರು, ಗಂಡ ಮಿಲಿಟರಿ ಕಚೇರಿಯ ನೌಕರಿಯಲ್ಲಿ ಊರೂರು ತಿರುಗುತ್ತಿದ್ದರು, ಇವರು ಇಲ್ಲಿ ಶಾಲೆಯಲ್ಲಿ ಕಲಿಸುತ್ತಿದ್ದರು. ಒಂದು ದೃಶ್ಯದಲ್ಲಿ ಅವರು ಗೋಡೆಯ ಮೇಲಿನ ಕ್ಯಾಲೆಂಡರಿನ ವೆಂಕಟರಮಣನಿಗೆ ಕರ್ಪೂರದ ಆರತಿ ಎತ್ತಿ ಗಂಟೆ ಬಾರಿಸಿದರು. ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತರು. ಅವರ ಹಿಂದೆ ಇಡೀ ಹಾಲು ಎದ್ದಿತು. ನೋಡನೋಡುತ್ತಿದ್ದಂತೆ ಜನ ಸಾಲುಗಟ್ಟಿ ರಂಗದ ಅಂಚಿಗೆ ಬಂದರು, ಆರತಿಗೆ ಕೈ ಚಾಚಿ ಕಣ್ಣಿಗೊತ್ತಿಕೊಂಡರು, ತಟ್ಟೆಯಲ್ಲಿ ಚಿಲ್ಲರೆ ಹಾಕಿದರು. ನಳಿನಿ ಟೀಚರು ಏನು ಮಾಡಬೇಕು ತಿಳಿಯದೆ ಎಲ್ಲರಿಗೂ ತಟ್ಟೆ ಹಿಡಿದರು, ಕೊನೆಗೆ ಅಪ್ಪನ ಮುಂದೆಯೂ. ನಾಸ್ತಿಕನೂ ಎರಡೂ ಕೈ ಚಾಚಿ ಆರತಿ ತೆಗೆದುಕೊಂಡ. ಎದುರಿಗೆ ಬಂದ ಆರತಿಯನ್ನು ಬೇಡವೆನ್ನುವಷ್ಟು ನಟನೆ ಅವನಿಗೆ ಬರುತ್ತಿರಲಿಲ್ಲ.

ನಗಬೇಕಾದ ಈ ಪ್ರಸಂಗವನ್ನು ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಬೇರೆ ರೀತಿಯಲ್ಲಿ ನೋಡಿದಳು. ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಮಗನನ್ನು ನಿಲ್ಲಿಸಿ ಕೇಳಿದಳು:

“ಶ್ರೀಪಾದ, ಅದು ಎಲ್ಲೀ ದೇವರೋ?”

“ಕ್ಯಾಲೆಂಡರಿಂದು ಆಯೀ. ಎಣ್ಣಿ ಅಂಗಡ್ಯವರು ಕೊಟ್ಟಿದ್ದು.”

“ಎಣ್ಣಿ ಅಂಗಡಿ ಚಿತ್ರಕ್ಕ ಇಷ್ಟು ಮಂದಿ ಕೈ ಮುಗದ್ರಲ್ಲೋ. ಸುಳ್ಳು ದೇವರಿಗೆ ಖರೇ ಮಂದಿ ಕೈ ಮುಗಿದ್ರ ಪಾಪ ಯಾರಿಗೆ? ನಾಟಕ ಮಾಡ್ಸಿದವರಿಗೆ. ಮುಂದಿನ ವರ್ಷ ದೇವರು ಬೇಕಂದ್ರ ನಮ್ಮ ದೇವರನ್ನ ಒಯ್ಯಿ. ಜೋಡಿ ನಾ ಬರ್ತೀನಿ.”

“ಆರತಿ ಬಿಟ್ಟುಬಿಡ್ತೀನಿ ಆಯೀ. ಬರೇ ದೀಪ ಹಚ್ಚಿಸ್ತೀನಿ, ನಳಿನಿ ಟೀಚರ ಕಡಿಂದ.”

“ಅಕಿ ಹಚ್ಚಿದಂಗ ಮಾಡ್ಲಿ. ಖರೇ ಹಚ್ಚೂದು ನಮ್ಮ ಮನಿ ಸೊಸಿ. ಪರದೆ ಏಳೂಕಿಂತ ಮೊದಲ.”

ಅಜ್ಜಿಯ ತರ್ಕವನ್ನು ಅಲ್ಲಗಳೆಯುವವರು ನಮ್ಮ ಮನೆಯಲ್ಲಿ ಹುಟ್ಟಿರಲಿಲ್ಲ. ಅಪ್ಪ ಒಪ್ಪಿದ. ಸೊಸೆಯನ್ನು ಯಾರೂ ಕೇಳಲಿಲ್ಲ.

ಆ ವರ್ಷದ ನಾಟಕದಲ್ಲಿ ಒಬ್ಬ ಗುಮಾಸ್ತನ ನೌಕರಿ ಹೋಗುತ್ತದೆ. ಮೂರನೆಯ ಅಂಕದಲ್ಲಿ ಅವನು ಸಂಜೆ ಮನೆಗೆ ಬರುತ್ತಾನೆ. ಹೆಂಡತಿ ದೇವರ ಮುಂದೆ ದೀಪದ ಬಳಿ ಕೂತಿದ್ದಾಳೆ. ಮನೆಯಲ್ಲಿ ಬೇಯಿಸಲು ಏನೂ ಇಲ್ಲವೆಂದು ನೋಡುವವರಿಗೆ ಗೊತ್ತು. ನೌಕರಿ ಹೋದದ್ದನ್ನು ಹೇಳಲು ಅವನಿಗೆ ಬಾಯಿ ಬರುವುದಿಲ್ಲ. “ನಿನ್ನ ಊಟ ಆತೇನು?” ಎಂದು ಕೇಳುತ್ತಾನೆ. ಅವಳು ಸುಳ್ಳೇ “ಆತ್ರಿ” ಎನ್ನುತ್ತಾಳೆ. ಅವನು “ಛಲೋ ಆತು” ಎಂದು ಮುಖ ತಿರುಗಿಸಿ ಅಳುತ್ತಾನೆ. ಇಷ್ಟೇ. ಇಡೀ ನಾಟಕ ಈ ಮೂರು ಮಾತಿನ ಮೇಲೆ ನಿಂತಿತ್ತು, ಆದ್ದರಿಂದ ಅಪ್ಪ ಇವನ್ನು ಬಿಡದೆ ಅಭ್ಯಾಸ ಮಾಡಿಸಿದ. ಚಪ್ಪಲಿ ಕಳಚುತ್ತ ಕೇಳಿ ನೋಡಿದ, ಛತ್ರಿ ತೂಗುಹಾಕಿ ಕೇಳಿ ನೋಡಿದ. ದನಿ ಇಳಿಸಿ ಕೇಳಿದ, ನಕ್ಕಂತೆ ಮಾಡಿ ಕೇಳಿದ. ಬಾಗಿಲ ಬಳಿ ಶೆಟ್ಟರು ಪ್ರತಿ ಸಲವೂ ತಪ್ಪದೆ ಅತ್ತರು. ಅಡಿಗೆಮನೆಯಲ್ಲಿ ಅವ್ವ ಅಷ್ಟೂ ಜನರಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆಚೆ “ನಿನ್ನ ಊಟ ಆತೇನು?” ಎಂಬ ಮಾತು ಬಂದಾಗಲೆಲ್ಲ ಈಚೆ ರೊಟ್ಟಿ ಬಡಿಯುವ ಸದ್ದು ಜೋರಾಗುವುದನ್ನು ಇಡೀ ಮನೆಯಲ್ಲಿ ಗಮನಿಸಿದವಳು ನಾನೊಬ್ಬಳೇ. ಅಪಾಯ ಸಂಗ್ರಹಿಸುವವರ ಕಿವಿ ಹಾಗಿರುತ್ತದೆ.

ನಳಿನಿ ಟೀಚರು ಕೆಟ್ಟವರಾಗಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಅವರು ತಟ್ಟೆ ತಾವೇ ತೊಳೆದಿಡುತ್ತಿದ್ದರು, “ಅಕ್ಕಾ, ನೀವು ಸ್ವಲ್ಪ ಕೂತ್ಕೊಳ್ಳಿ, ನಾನು ಬಡಿಸ್ತೀನಿ” ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಆ ಮಾತನ್ನು ಅವ್ವನಿಗೆ ಹೇಳಿದವರು ಅವರೊಬ್ಬರೇ ಆಗಿದ್ದುದು ಅವ್ವನಿಗೆ ಇನ್ನಷ್ಟು ಉರಿ ಹಚ್ಚಿತು. ಒಂದು ಸಂಜೆ ಎಲ್ಲರೂ ಹೋದ ಮೇಲೆ ಅಪ್ಪ ಬಹಳ ಉದಾರವಾಗಿ ಹೇಳಿದ:

“ನೋಡು, ಈ ಸಲ ನಿನಗೂ ನಾಟಕದಾಗ ಒಂದು ಕೆಲಸ ಬಂತು. ಮೂರನೇ ಅಂಕದ ಮೊದಲ ಬಂದು ದೀಪ ಹಚ್ಚಿ ವಿಂಗಿನ್ಯಾಗ ನಿಂತ್ರ ಆತು. ಮನ್ಯಾಗ ಅಷ್ಟೊತ್ತು ಮಾಲೂ ಇರ್ತಾಳ.”

ಮಾಲೂ ಎಂದರೆ ನಾನು. ಗೋರೆ ಕಾಕಾನ ಬೀಗವನ್ನು ಒಬ್ಬಳೇ ಎದುರಿಸುವ ಚಿತ್ರ ಕಣ್ಮುಂದೆ ಬಂದು ನನ್ನ ಕೈಯ ತುತ್ತು ತಟ್ಟೆಗಿಳಿಯಿತು. ಅವ್ವ ಹಿಟ್ಟಿನ ಕೈ ತೊಳೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. ದನಿ ಏರಿಸಲಿಲ್ಲ, ವಾಡೆಯಲ್ಲಿ ಜಗಳವನ್ನೂ ಮೆಲ್ಲಗೆ ಆಡಬೇಕು.

“ಮಂಚ ಒಯ್ದ್ರಿ, ಖುರ್ಚಿ ಒಯ್ದ್ರಿ, ಈಗ ದೇವರನ್ನೂ ಒಯ್ಯತೀರಿ. ಮೂರು ತಿಂಗಳಾತು, ದಿನಾ ಅಕಿಗೆ ಊಟ ಆತೇನು ಅಂತ ಕೇಳ್ಲಿಕ್ಕೆ ಹತ್ತೀರಿ. ದಿನಾ ಅಕಿಗೆ ಉಣ್ಣಲಿಕ್ಕೆ ಹಾಕಿದಾಕಿ ನಾನು. ನನ್ನ ಒಂದು ಸಲಾರೆ ಕೇಳೀರೇನು?”

“ಅದು ಡೈಲಾಗ ಅದ.”

“ನಾನೂ ಅದನ್ನ ಹೇಳ್ಲಿಕ್ಕೆ ಹತ್ತೀನಿ. ನಿಮ್ಮ ಬಾಯಾಗ ಬರಬೇಕಂದ್ರ ಅದು ಡೈಲಾಗ ಆಗಬೇಕು.”

“ನಿನಗೇನು ಕೇಳೂದು? ಅನ್ನದ ಡಬರಿ ನಿನ್ನ ಕೈಯಾಗ ಅದ.”

ಕೆಲವು ಮಾತುಗಳು ಬಾಯಿಂದ ಬಿದ್ದ ಸದ್ದು ಕೇಳಿಸುತ್ತದೆ. ಅವ್ವ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ಆಮೇಲೆ, ನಾಳೆ ಯಾವ ಪಲ್ಯ ಮಾಡಲಿ ಎನ್ನುವ ದನಿಯಲ್ಲಿ ಹೇಳಿದಳು:

“ನಾಟಕದ ದಿನಾ ನಾ ಸೋಲಾಪುರಕ್ಕ ಹೋಗ್ತೀನಿ, ಅಣ್ಣನ ಮನಿಗೆ. ಮಾಲೂನ್ನ ಕರಕೊಂಡು. ಯಾವಾಗ ಬರ್ತೀನಿ ಗೊತ್ತಿಲ್ಲ.”

ಅಂದಿನಿಂದ ಅವರಿಬ್ಬರೂ ನೇರವಾಗಿ ಮಾತಾಡಲಿಲ್ಲ. ನಾನು ಮನೆಯ ಟೆಲಿಫೋನಾದೆ. “ಹೇಳು ನಿಮ್ಮಪ್ಪಗ, ಚಹಾ ಬೇಕಾದ್ರ ನಾಟಕದ ಮನ್ಯಾಗ ಹೋಗಿ ಕುಡೀರಿ ಅಂತ,” ಎಂದು ಅವ್ವ ಅಡಿಗೆಮನೆಯಲ್ಲಿ ಹೇಳಿದರೆ, ಪಡಸಾಲೆಗೆ ಬರುವಷ್ಟರಲ್ಲಿ ನಾನು ಅದನ್ನು “ಹಾಲು ಒಡದದಂತ ಅಪ್ಪಾ” ಎಂದು ತಿದ್ದಿರುತ್ತಿದ್ದೆ. “ಕೇಳು ಆ ಮಹಾರಾಣಿನ್ನ, ನನ್ನ ಧೋತರ ಎಲ್ಲೆ ಅದ?” ಎಂದು ಅಪ್ಪ ಅಂದರೆ, “ಅವ್ವಾ, ಅಪ್ಪನ ಧೋತರ ಸಿಗವಲ್ದಂತ” ಎನ್ನುತ್ತಿದ್ದೆ. ಹತ್ತು ಹೆಜ್ಜೆಯ ದಾರಿಯಲ್ಲಿ ಎಷ್ಟು ಮಾತನ್ನು ಮೃದು ಮಾಡಬಹುದು, ಯಾವ ಶಬ್ದ ತೆಗೆದರೆ ಮನೆ ಉಳಿಯುತ್ತದೆ ಎಂಬುದನ್ನು ಆ ದಿನಗಳಲ್ಲಿ ಕಲಿತೆ. ಬರವಣಿಗೆಯೆಂದು ನನಗೆ ಏನಾದರೂ ಬರುತ್ತಿದ್ದರೆ ಅದರ ಶಾಲೆ ಅದು. ಹೊಟ್ಟೆಯ ಹುಳಿಯೂ ಅಲ್ಲಿಯದೇ.

ಇದನ್ನೆಲ್ಲ ಈಗಿನ ಬಳಗದವರಿಗೆ ಹೇಳಿದರೆ ನಂಬುವುದಿಲ್ಲ. ಎರಡು ಸಾವಿರದ ಆಚೆ ಬೆಂಗಳೂರಿನ ಹುಡುಗ ಹುಡುಗಿಯರು ಕಂಪ್ಯೂಟರ್ ಕೆಲಸಕ್ಕೆಂದು ಪುಣೆಗೆ ಬಂದರು. ಮಗರಪಟ್ಟಾದಲ್ಲಿ, ವಿಮಾನ ನಗರದಲ್ಲಿ ಮನೆ ಮಾಡಿದರು. ತಾಲೀಮು ಮಗರಪಟ್ಟಾದ ಒಂದು ಸೊಸೈಟಿಯ ಕ್ಲಬ್‌ಹೌಸಿಗೆ ಹೋಯಿತು, ಸುದ್ದಿ ಇಮೇಲಿನಲ್ಲಿ ಓಡಾಡಿತು. ದೇವರ ಮಂಟಪವನ್ನು ಥರ್ಮಾಕೋಲಿನಲ್ಲಿ ಕೊರೆದು ಬಣ್ಣ ಬಳಿದರು. ದೂರದಿಂದ ತೇಗಕ್ಕಿಂತ ತೇಗದಂತಿತ್ತು, ಒಂದು ಬೆರಳಲ್ಲಿ ಎತ್ತಬಹುದಿತ್ತು. “ಅಂಕಲ್, ಸೆಟ್ ಪೂರ್ತಿ ನಾವು ನೋಡ್ಕೋತೀವಿ, ನೀವು ರಿಲ್ಯಾಕ್ಸ್ ಆಗಿ ಕೂತ್ಕೊಳ್ಳಿ,” ಎಂದು ಅವರು ಅಪ್ಪನಿಗೆ ಪ್ರೀತಿಯಿಂದಲೇ ಹೇಳುತ್ತಿದ್ದರು. ಅಪ್ಪ ಪ್ಲಾಸ್ಟಿಕ್ ಖುರ್ಚಿಯಲ್ಲಿ ಕೂರುತ್ತಿದ್ದ, ರಿಲ್ಯಾಕ್ಸ್ ಆಗುವುದು ಹೇಗೆಂದು ಅವನಿಗೆ ಯಾರೂ ತೋರಿಸಿರಲಿಲ್ಲ. ಅಷ್ಟರಲ್ಲಿ ವಾಡೆಯೂ ಬಿಲ್ಡರನ ಪಾಲಾಗಿತ್ತು. ಬಳಗ ಉಳಿಯಿತು, ದೊಡ್ಡದಾಯಿತು, ಯಾರ ಮನೆಯನ್ನೂ ಕೇಳದಾಯಿತು. ಒಳ್ಳೆಯದೇ ಆಯಿತು. ಆದರೆ ಥರ್ಮಾಕೋಲಿನ ದೇವರ ಮುಂದೆ ದೀಪ ಯಾರು ಹಚ್ಚಬೇಕೆಂದು ಯಾರೂ ಜಗಳವಾಡಿದ್ದು ನಾನು ಕಾಣೆ. ಅಲ್ಲಿ ಉರಿಯುವುದು ಬ್ಯಾಟರಿಯ ದೀಪ.

ಆ ವರ್ಷದ ನಾಟಕದ ದಿನ ಬೆಳಗ್ಗೆ ಟೆಂಪೋ ಬಂತು. ಮಂಚ ಇಳಿಯಿತು, ಗಡಿಯಾರ ಇಳಿಯಿತು. ಮಂಟಪವನ್ನು ಎತ್ತುವ ಮೊದಲು ಅವ್ವ ಮುಂದೆ ಬಂದು ಅನ್ನಪೂರ್ಣೆಯನ್ನು ಅಕ್ಕಿಯ ಬಟ್ಟಲಿನ ಸಮೇತ ತೆಗೆದು ಅಡಿಗೆಯ ಕಟ್ಟೆಯ ಮೇಲಿಟ್ಟಳು. ಅಜ್ಜಿ ಅದನ್ನು ನೋಡಿದಳು. ರೇಷ್ಮೆ ಸೀರೆಯುಟ್ಟು, ವೆಂಕಪ್ಪ ಕೃಷ್ಣರನ್ನು ಮಡಿಲಲ್ಲಿ ಕಟ್ಟಿಕೊಂಡು ಟೆಂಪೋದ ಮುಂದಿನ ಸೀಟಿನಲ್ಲಿ ಕೂತಳು. ಚಾಲಕ ಬಾಯಿಯ ತಂಬಾಕು ಉಗುಳಿ ಬಂದು, ಆಜೀ, ದೇವರು ಎಲ್ಲಿಗೆ ಹೊರಟರು ಎಂದು ಮರಾಠಿಯಲ್ಲಿ ಕೇಳಿದ.

“ನಾಟಕಾಲಾ,” ಎಂದಳು ಅಜ್ಜಿ, ಕಾಶಿಗೆ ಎನ್ನುವ ಗಾಂಭೀರ್ಯದಲ್ಲಿ.

ಅಪ್ಪ ಕೊನೆಯಲ್ಲಿ ಮೆಟ್ಟಿಲ ಬಳಿ ನಿಂತು ನನ್ನನ್ನು ಕರೆದ. “ಅವ್ವಗ ಹೇಳು, ಮೂರನೇ ಅಂಕ ಏಳೂವರಿಗೆ ಸುರು ಆಗ್ತದ ಅಂತ.”

ಒಳಗಿನಿಂದ ಉತ್ತರ ಬಂತು, ತಿದ್ದಲು ನನಗೆ ದಾರಿಯನ್ನೇ ಬಿಡದೆ. “ಅಪ್ಪಗ ಹೇಳು, ಸೋಲಾಪುರದ ಗಾಡಿನೂ ಅದರ ಹಿಂದನ ಅದ ಅಂತ.”

ಟೆಂಪೋ ಹೋಯಿತು. ಖಾಲಿ ಮನೆಯಲ್ಲಿ ಕೆಮ್ಮಿದರೆ ಇನ್ಯಾರೋ ಕೆಮ್ಮಿದಂತಿತ್ತು. ಮಂಚದ ಕಾಲುಗಳಿದ್ದಲ್ಲಿ ನೆಲದ ಮೇಲೆ ನಾಲ್ಕು ತಿಳಿ ಕಲೆ. ಅವ್ವ ನನಗೆ ಅನ್ನ ಸಾರು ಬಡಿಸಿದಳು, ತಾನು ಉಣ್ಣಲಿಲ್ಲ. ಚೀಲ ತುಂಬಿದಳು: ಅವಳ ಸೀರೆ, ನನ್ನ ಫ್ರಾಕು, ನನ್ನ ಶಾಲೆಯ ಪುಸ್ತಕಗಳೂ. ನಾಲ್ಕು ದಿನಕ್ಕೆ ಹೋಗುವವರು ಭೂಗೋಳ ಒಯ್ಯುವುದಿಲ್ಲ. ಮುಸ್ಸಂಜೆಯಾಯಿತು. ಅವ್ವ ಮುಖ ತೊಳೆದು, ಕುಂಕುಮ ಹಚ್ಚಿಕೊಂಡು, ಎಂದಿನಂತೆ ಎಣ್ಣೆ ಬತ್ತಿ ಹಿಡಿದು ದೇವರ ಮೂಲೆಗೆ ಹೋಗಿ ನಿಂತಳು. ಮೂಲೆಯಲ್ಲಿ ದೇವರಿರಲಿಲ್ಲ. ಹೊಗೆ ಹಿಡಿದ ಗೋಡೆಯಲ್ಲಿ ಮಂಟಪದ ಆಕಾರದ ಬೆಳ್ಳನೆಯ ಚೌಕವಿತ್ತು. ಅವಳು ಈ ಮನೆಯಲ್ಲಿದ್ದೂ ಸಂಜೆಯ ದೀಪ ತಪ್ಪಿಸಿದ ನೆನಪು ನನಗಿಲ್ಲ. ಬತ್ತಿ ಹಿಡಿದು ಅವಳು ಆ ಚೌಕವನ್ನೇ ನೋಡಿದಳು. ಆಮೇಲೆ ಅನ್ನಪೂರ್ಣೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬತ್ತಿಯನ್ನೂ ಎಣ್ಣೆಯ ಶೀಶೆಯನ್ನೂ ಚೀಲದಲ್ಲಿಟ್ಟಳು.

“ನಡಿ ಮಾಲೂ.”

ಎಲ್ಲಿಗೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಬೀಗ ಹಾಕಿ ಕೆಳಗಿಳಿದವಳು ನೇರ ಗೋರೆ ಕಾಕೂ ಬಾಗಿಲಿಗೆ ಹೋಗಿ, ನಮ್ಮ ಮನೆಯ ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟಳು. ಯಾರಿಂದ ಮನೆ ಕಾಯಲು ಅವಳು ವರ್ಷವರ್ಷವೂ ಕೂತಿದ್ದಳೋ ಅವರ ಅಂಗೈಯಲ್ಲೇ.

“ಕಿಲ್ಲೀ ಠೇವಾ ಕಾಕೂ. ಯೇತೇ.” ಕೀಲಿ ಇಟ್ಟುಕೊಳ್ಳಿ, ಬರ್ತೀನಿ. ಹೋಗುವವರೂ ಹೇಳುವುದು ಅದನ್ನೇ, ಮರಾಠಿಯಲ್ಲೂ ಕನ್ನಡದಲ್ಲೂ.

ಇಷ್ಟು ವರ್ಷ ದೇವರಲ್ಲಿ ಬೇಡಿದ್ದು ಹೀಗೆ ಕೈಗೆ ಬಂದಾಗ ಕಾಕೂ ಅಂಗೈಯಲ್ಲಿ ಕೆಂಡ ಹಿಡಿದವರಂತೆ ನಿಂತರು. ಅವ್ವನ ಚೀಲ ನೋಡಿದರು, ನನ್ನ ಮುಖ ನೋಡಿದರು. “ಲವಕರ್ ಯಾ,” ಎಂದರು. ಬೇಗ ಬನ್ನಿ.

ರಸ್ತೆಯಲ್ಲಿ ರಿಕ್ಷಾ ನಿಲ್ಲಿಸಿ ಅವ್ವ ಹೇಳಿದ್ದನ್ನು ನಾನು ಉಸಿರು ಹಿಡಿದು ಕೇಳಿದೆ. “ಆಧೀ ನಾಟ್ಯಗೃಹ, ಮಗ ಸ್ಟೇಶನ್.” ಮೊದಲು ನಾಟ್ಯಗೃಹ, ಆಮೇಲೆ ಸ್ಟೇಶನ್. ಸಮಾಧಾನ ಪಡಬೇಕೋ ಅಳಬೇಕೋ ತಿಳಿಯದೆ, ದಾರಿಯ ಸಿಗ್ನಲುಗಳೆಲ್ಲ ಕೆಂಪಾಗಲೆಂದು ಬೇಡಿಕೊಂಡೆ. ಆಮೇಲೆ, ಕೆಂಪಾದರೆ ದೀಪ ತಪ್ಪುತ್ತದೆಂದು ಹೊಳೆದು ಹಸಿರಾಗಲೆಂದು ಬೇಡಿಕೊಂಡೆ.

ಹಿಂಬಾಗಿಲಲ್ಲಿ ಶೆಟ್ಟರು ಇಡ್ಲಿಯ ಪೊಟ್ಟಣಗಳನ್ನು ಕಾಯುತ್ತ ನಿಂತಿದ್ದರು.

“ಬಂದ್ರಾ ಅಕ್ಕಾ? ಬೇಗ ಬನ್ನಿ ಮಾರಾಯ್ರೆ. ನಿಮ್ಮ ಅತ್ತೆ ಪರದೆ ಎತ್ತಲಿಕ್ಕೇ ಬಿಡುದಿಲ್ಲ.”

ಪರದೆಯ ಆಚೆ ಜನ ಚಪ್ಪಾಳೆ ತಟ್ಟಿ ಅವಸರ ಮಾಡುತ್ತಿದ್ದರು. ಈಚೆ ರಂಗದ ನಡುವೆ, ಮಂಟಪದ ಮುಂದೆ ಮಣೆ ಹಾಕಿಕೊಂಡು ಅಜ್ಜಿ ಕೂತಿದ್ದಳು. ಎದುರುಗಡೆಯ ವಿಂಗಿನಲ್ಲಿ ಅಪ್ಪ, ಛತ್ರಿ ಹಿಡಿದು, ನೌಕರಿ ಹೋದವನ ವೇಷದಲ್ಲಿ. ವೇಷವನ್ನು ಅಷ್ಟು ಚೆನ್ನಾಗಿ ಅವನ ಮುಖ ಎಂದೂ ಹೊತ್ತಿರಲಿಲ್ಲ. ಅವ್ವ ಯಾರತ್ತಲೂ ನೋಡದೆ ನಮ್ಮದೇ ಪಡಸಾಲೆಯೊಳಗೆ ನಡೆದು ಹೋದಳು. ಸೆರಗಿನ ಗಂಟು ಬಿಚ್ಚಿ ಅನ್ನಪೂರ್ಣೆಯನ್ನು ಬಲಗಡೆ ಇಟ್ಟಳು. ದೀಪ ಹಚ್ಚಿ ಕೈ ಮುಗಿದಳು. ಅಜ್ಜಿ ಮಣೆಯಿಂದ ಎದ್ದಳು.

“ಬತ್ತಿ ಮುಟ್ಟಬ್ಯಾಡ್ರಿ, ಆರ್ತದ,” ಎಂದಳು ಅವ್ವ ನಳಿನಿ ಟೀಚರಿಗೆ.

“ಇಲ್ಲ ಅಕ್ಕಾ,” ಎಂದರು ಅವರು, ಶಾಲೆಯ ಹುಡುಗಿಯ ಹಾಗೆ.

ಅವ್ವ ವಿಂಗಿಗೆ ಬಂದು ಚೀಲ ಎತ್ತಿಕೊಂಡಳು. ಹೊರಗೆ ರಿಕ್ಷಾ ಕಾಯುತ್ತಿತ್ತು. ಪರದೆ ಎದ್ದಿತು. ವಿಂಗಿನಿಂದ ಆ ಮನೆ ಓರೆಯಾಗಿ ಕಾಣುತ್ತಿತ್ತು: ಮಂಚದ ಒಂದು ಬದಿ, ಗಡಿಯಾರದ ಅರ್ಧ ಮುಖ, ಮಂಟಪದ ಬೆನ್ನು. ನಮ್ಮ ಅಡಿಗೆಮನೆಯ ಬಾಗಿಲಿನಿಂದ ಪಡಸಾಲೆ ಯಾವತ್ತೂ ಕಾಣುತ್ತಿದ್ದುದು ಹೀಗೆಯೇ. ಅವ್ವ ಹೋಗಬೇಕಿತ್ತು, ಒಂದು ಗಳಿಗೆ ನಿಂತಳು.

ಅಪ್ಪ ಒಳಗೆ ಬಂದ. ಚಪ್ಪಲಿ ಕಳಚಿದ, ನಮ್ಮ ಗೂಟಕ್ಕೆ ನಮ್ಮ ಛತ್ರಿ ತೂಗುಹಾಕಿದ, ತಿರುಗಿ ದೀಪದ ಮುಂದೆ ಕೂತ ನಳಿನಿ ಟೀಚರ ಕಡೆ ನೋಡಿದ. ಅವರ ಭುಜದ ಆಚೆ, ವಿಂಗಿನ ಅರೆಗತ್ತಲೆಯಲ್ಲಿ, ಚೀಲ ಹಿಡಿದು ನಿಂತ ಅವ್ವ ಕಂಡಿರಬೇಕು. ದೀಪದ ಬೆಳಕಿಗೆ ಕಣ್ಣು ಕೋರೈಸಿತ್ತು, ಏನೂ ಕಂಡಿರಲಿಲ್ಲ ಎಂದು ಅವನು ಕೊನೆಯವರೆಗೂ ವಾದಿಸಿದ.

“ನಿನ್ನ ಊಟ ಆತೇನು?”

ಮೂರು ತಿಂಗಳ ತಾಲೀಮಿನಲ್ಲಿ ಅದು ಒಮ್ಮೆಯೂ ಹಾಗೆ ಬಂದಿರಲಿಲ್ಲ. ಕೇಳಲು ಹೆದರಿದವನು ಕೇಳಿದಂತಿತ್ತು.

“ಇಲ್ಲ,” ಎಂದಳು ಅವ್ವ.

ಮೆಲ್ಲಗೆ ಹೇಳಲಿಲ್ಲ. ಅಡಿಗೆಮನೆಯಿಂದ ಪಡಸಾಲೆಗೆ ಕೇಳಿಸುವಷ್ಟು ದನಿಯಲ್ಲಿ ಹೇಳಿದಳು, ಮತ್ತು ಅದು ನಾಟ್ಯಗೃಹದ ಹಿಂದಿನ ಸಾಲಿನವರೆಗೂ ಹೋಯಿತು. ನಳಿನಿ ಟೀಚರು ಶಿಸ್ತಿನವರು, ಒಂದು ಕ್ಷಣ ತಡೆದು ತಮ್ಮ ಮಾತನ್ನೂ ಹೇಳಿದರು: “ಆತ್ರಿ.” ಬರೆದದ್ದರಿಂದ ಒಂದು ಅಕ್ಷರ ಕದಲದ ಅಪ್ಪ, ವಿಂಗಿನ ಕಡೆಯೇ ನೋಡುತ್ತ, ತನ್ನ ಮುಂದಿನ ಮಾತು ಹೇಳಿದ:

“ಛಲೋ ಆತು.”

ಮೊದಲು ಒಬ್ಬರು ನಕ್ಕರು. ಆಮೇಲೆ ಇಡೀ ನಾಟ್ಯಗೃಹ ನಕ್ಕಿತು. ಅಷ್ಟು ತಾಲೀಮಿನಲ್ಲೂ ತಪ್ಪದೆ ಅತ್ತ ಶೆಟ್ಟರು ಇಡ್ಲಿಯ ಪೊಟ್ಟಣಗಳ ಮೇಲೆ ಬಾಗಿ ನಕ್ಕರು. ಕಿವಿ ಮಂದವಾಗಿದ್ದ ಅಜ್ಜಿ “ಏನಾತು, ಏನಾತು?” ಎಂದು ಕೇಳುತ್ತಿದ್ದಳು. ನನ್ನ ಪಕ್ಕದಲ್ಲಿ ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಿದ್ದಳು. ಅಳುತ್ತಿದ್ದಾಳೆಂದು ಗಾಬರಿಯಾಗಿ ನೋಡಿದೆ, ಅವಳ ಭುಜ ನಗೆಗೆ ಕುಲುಕುತ್ತಿತ್ತು. ಚೀಲ ನೆಲದ ಮೇಲಿತ್ತು. ಯಾವಾಗ ಇಟ್ಟಳೋ ನಾನು ನೋಡಲಿಲ್ಲ.

ನಾಟಕ ಹೇಗೋ ಮುಗಿದು ಪರದೆ ಬೀಳುವ ಹೊತ್ತಿಗೆ ಸೋಲಾಪುರದ ಗಾಡಿ ಪುಣೆ ಬಿಟ್ಟು ಹಡಪಸರ ದಾಟಿರಬೇಕು. ಅಪ್ಪ ಬೆವರಿಗೆ ಕರಗಿದ ಬಣ್ಣದಲ್ಲಿ ವಿಂಗಿಗೆ ಬಂದ. ಚೀಲ ನೋಡಿದ. ಶೆಟ್ಟರು ಕೊಟ್ಟ ಪೊಟ್ಟಣದ ದಾರ ಬಿಚ್ಚುತ್ತ ಮೆಟ್ಟಿಲ ಮೇಲೆ ಕೂತಿದ್ದ ಅವ್ವನನ್ನು ನೋಡಿದ. ಆಮೇಲೆ ರೂಢಿಯಂತೆ ನನ್ನ ಕಡೆ ತಿರುಗಿದ.

“ಮಾಲೂ, ಹೇಳು ಅವ್ವಗ...”

ಅಲ್ಲಿಗೆ ನಿಲ್ಲಿಸಿದ. ನಾನು ಮಾತು ತಿದ್ದಲು ಸಿದ್ಧಳಾಗಿ ಕಾದೆ. ಅವನು ನನ್ನನ್ನು ದಾಟಿ ಹೋಗಿ ಅವಳ ಮುಂದೆ ನಿಂತ.

“ಮಂದಿ ಅಳೂ ಜಾಗಾದಾಗ ನಕ್ಕರು. ಒಂದು ಮಾತಿನ್ಯಾಗ ಇಡೀ ನಾಟಕ ಕೆಡಿಸಿದಿ.”

ಅವ್ವ ಇಡ್ಲಿಯ ಒಂದು ತುಂಡು ಮುರಿದು ಚಟ್ನಿಯಲ್ಲಿ ಅದ್ದಿದಳು.

“ಕೇಳಿದವರು ನೀವು,” ಎಂದಳು.